ಹೊಳೆ ಬಂದ ವರ್ಷ ಲಾರಿಗೆ ಹಾಕಿದ ಆಯಿಲ್

ಚಿಕ್ಕೋಡಿಯಲ್ಲಿ ನಾನು ಪಾಠ ಹೇಳುವ ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಗ್ಯಾರೇಜು ಇದೆ. ಕಬ್ಬಿನ ಹಂಗಾಮು ಹತ್ತಿರ ಬಂದಾಗ ಅಲ್ಲಿ ಲಾರಿಗಳು ಒಂದರ ಹಿಂದೊಂದು ನಿಂತಿರುತ್ತವೆ. ಮೊನ್ನೆ ಅದರ ಮುಂದೆ ಹಾದು ಹೋಗುವಾಗ ಯಾರೋ ಹೊಸ ಆಯಿಲ್ ಡಬ್ಬಿಯ ಸೀಲು ಒಡೆದರು. ಬೆಲ್ಲದ ಪಾಕಕ್ಕೆ ಸೀಮೆಎಣ್ಣೆಯ ಒಂದು ಹನಿ ಬಿದ್ದರೆ ಹೇಗೋ ಹಾಗೆ, ಸ್ವಲ್ಪ ಸಿಹಿ, ಸ್ವಲ್ಪ ಘಾಟು, ಅದರ ಕೆಳಗೆ ತಣ್ಣಗಿನ ಕಬ್ಬಿಣದ ವಾಸನೆ. ಮಕ್ಕಳ ಪುಸ್ತಕಗಳನ್ನು ಎದೆಗೆ ಒತ್ತಿಕೊಂಡು ನಾನು ರಸ್ತೆಯ ಬದಿಗೆ ನಿಂತುಬಿಟ್ಟೆ. ನಿಮ್ಮ ಮನೆಯಲ್ಲೂ ಇಂಥದೊಂದು ವಾಸನೆ ಇದ್ದೇ ಇದ್ದಿರಬೇಕು. ದನದ ಕೊಟ್ಟಿಗೆಯದೋ, ಬಾಣಂತಿಯ ಕೋಣೆಯ ಹೊಗೆಯದೋ, ಹೊಸದಾಗಿ ಬಿಚ್ಚಿದ ಜೋಳದ ಚೀಲದ್ದೋ. ನಮ್ಮ ಮನೆಯದು ಲಾರಿಯ ಆಯಿಲ್‌ನದು. ಅದನ್ನು ಉಸಿರಾಡಿಯೇ ನಾನು ದೊಡ್ಡವಳಾದೆ.

ಐನಾಪುರದಿಂದ ಕೃಷ್ಣೆಯ ಕಡೆಗೆ ಇಳಿಯುವ ರಸ್ತೆಯ ಕೊನೆಗೆ ನಮ್ಮ ಊರಿತ್ತು. ಊರಿನ ನಡುವೆ ಒಂದು ದಿಬ್ಬ, ದಿಬ್ಬದ ಮೇಲೆ ನಮ್ಮ ಮಣ್ಣಿನ ಗೋಡೆಯ ಮನೆ, ಮನೆಯ ಮುಂದೆ ಲಾರಿ ತಿರುಗಿಸುವಷ್ಟು ದೊಡ್ಡ ಅಂಗಳ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿ ಅಂದರೆ ನಮ್ಮ ಆಯಿ, ಅಪ್ಪನ ತಮ್ಮ ಶಿವಪ್ಪ ಕಾಕಾ, ನಾನು. ಹೊಲ ಇತ್ತು, ಆದರೆ ಹೆಚ್ಚೇನಲ್ಲ. ಮನೆಯನ್ನು ನಡೆಸುತ್ತಿದ್ದದ್ದು ಲಾರಿ. ಹಂಗಾಮಿನಲ್ಲಿ ಕಬ್ಬು, ಬೇಸಿಗೆಯಲ್ಲಿ ದ್ರಾಕ್ಷಿಯ ಪೆಟ್ಟಿಗೆ, ಉಳಿದ ದಿನ ಇಟ್ಟಿಗೆ, ಗೊಬ್ಬರ, ಯಾರದೋ ಮದುವೆಯ ಸಾಮಾನು. ಅಂಗಳದ ಗೋಡೆಯುದ್ದಕ್ಕೂ ಅವ್ವ ಖಾಲಿ ಆಯಿಲ್ ಡಬ್ಬಿಗಳನ್ನು ಕತ್ತರಿಸಿ ಸೇವಂತಿಗೆ, ಅಬೋಲಿ ಹಚ್ಚಿದ್ದಳು. ಖಾಲಿ ಡಬ್ಬಿಯನ್ನು ಇಡಿಯಾಗಿ ಹೊರಗೆ ಕೊಡಲು ಅಪ್ಪ ಒಪ್ಪುತ್ತಿರಲಿಲ್ಲ. ಅಂಥ ಡಬ್ಬಿಗಳಲ್ಲಿ ಸುಟ್ಟ ಆಯಿಲ್ ಸೋಸಿ ತುಂಬಿ, ಮತ್ತೆ ಮುಚ್ಚಳ ಅಂಟಿಸಿ ಮಾರುವವರು ಇದ್ದಾರೆ ಎಂದು ಅವನಿಗೆ ಗೊತ್ತಿತ್ತು. ಹೀಗಾಗಿ ಊರಿನಲ್ಲಿ ಎಲ್ಲರ ಮನೆಯ ಮುಂದೆ ಮಣ್ಣಿನ ಕುಂಡಗಳಿದ್ದರೆ ನಮ್ಮ ಮನೆಯ ಹೂಗಳು ಮಾತ್ರ ಆಯಿಲ್ ಕಂಪನಿಯ ಬಣ್ಣಬಣ್ಣದ ಡಬ್ಬಿಗಳಲ್ಲಿ ಅರಳುತ್ತಿದ್ದವು.

ಲಾರಿಯನ್ನು ಆಯಿಲ್ ಬದಲಿಸಲು ಅಪ್ಪ ಯಾವ ಗ್ಯಾರೇಜಿಗೂ ಬಿಡುತ್ತಿರಲಿಲ್ಲ. ಅದು ಮನೆಯ ಕೆಲಸ, ಅಂಗಳದಲ್ಲೇ ಆಗಬೇಕು. ಹಂಗಾಮಿಗೆ ಮೊದಲು ಅಥಣಿಯ ಅಂಗಡಿಗಳಿಗೆ ಹೋಗಿ, ಒಂದೊಂದು ಡಬ್ಬಿಯನ್ನೂ ಬೆಳಕಿಗೆ ಹಿಡಿದು, ಸೀಲಿನ ಮೇಲೆ ಉಗುರು ಎಳೆದು ನೋಡಿ, ಕೊನೆಗೆ ಒಂದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದ. ಡಬ್ಬಿಯ ಮೇಲೆ ಬರೆದ ಎರಡು ಸಂಖ್ಯೆಗಳ ಅರ್ಥವನ್ನು ಅವನು ನನಗೆ ಹೇಳಿಕೊಟ್ಟದ್ದು ನಾನು ಮಗ್ಗಿ ಕಲಿಯುವುದಕ್ಕೂ ಮೊದಲು. ಮೊದಲನೆಯ ಸಂಖ್ಯೆ ಚಳಿಗೆ, ಎರಡನೆಯದು ಬಿಸಿಗೆ. "ಮುಂಜಾನೆ ಥಂಡ್ಯಾಗ ಓಡಬೇಕು, ಮಧ್ಯಾಹ್ನ ಬಿಸಲಾಗ ನಿಲ್ಲಬೇಕು. ಎರಡೂ ಮಾಡೋದನ್ನ ಆರಸಬೇಕು," ಅನ್ನುತ್ತಿದ್ದ. ಊರಿನವರು ದಪ್ಪಗಿದ್ದಷ್ಟೂ ಒಳ್ಳೆಯದು ಎಂದು ನಂಬಿದ್ದರು. ಅಪ್ಪ ಮಾತ್ರ, ತೀರಾ ದಪ್ಪಗಿದ್ದರೆ ಚಳಿಯ ಮುಂಜಾನೆ ಇಂಜಿನ್ನಿನ ಮೇಲಿನ ತನಕ ಏರಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಿಕ್ಕುತ್ತದೆ ಎಂದು ತಾಳ್ಮೆಯಿಂದ ವಿವರಿಸುತ್ತಿದ್ದ. ಅವನು ಹೊಸ ಡಬ್ಬಿ ತಂದ ದಿನ ಆಯಿ ಕಟ್ಟೆಯ ಮೇಲೆ ಕುಳಿತು, ಬೆರಳಿಗೆ ಒಂದು ಹನಿ ಹಾಕಿಸಿಕೊಂಡು, ಹೆಬ್ಬೆರಳಿನಿಂದ ತಿಕ್ಕಿ ನೋಡುತ್ತಿದ್ದಳು. ಜೋಳವನ್ನು ಹಲ್ಲಿನಲ್ಲಿ ಕಡಿದು ನೋಡುವಾಗ ಇರುತ್ತಿದ್ದ ಗಾಂಭೀರ್ಯವೇ ಆಗಲೂ ಅವಳ ಮುಖದ ಮೇಲೆ. ಅವಳಿಗೆ ಏನೂ ತಿಳಿಯುತ್ತಿರಲಿಲ್ಲ ಎಂದು ಈಗ ಅನಿಸುತ್ತದೆ. ಆದರೆ ಅವಳು ಹೂಂ ಅನ್ನದೆ ಅಪ್ಪ ಸೀಲು ಪೂರಾ ತೆಗೆಯುತ್ತಿರಲಿಲ್ಲ.

ಆಮೇಲೆ ಲಾರಿಯನ್ನು ಸ್ವಲ್ಪ ಓಡಿಸಿ, ಇಂಜಿನ್ ಬೆಚ್ಚಗಾದ ಮೇಲೆ, ಅಪ್ಪ ಗೋಣಿಚೀಲ ಹಾಸಿಕೊಂಡು ಅಡಿಗೆ ತೂರಿಕೊಳ್ಳುತ್ತಿದ್ದ. ಕೆಳಗಿನ ಬೋಲ್ಟು ಸಡಿಲಾದ ಕೂಡಲೇ ಹಳೆಯ ಆಯಿಲ್ ಕಾಡಿಗೆಯ ಹಾಗೆ, ಸದ್ದಿಲ್ಲದೆ, ದಪ್ಪ ಹಗ್ಗದಂತೆ ಇಳಿದು ಹಳೆಯ ಕೊಪ್ಪರಿಗೆಯಲ್ಲಿ ಸುರುಳಿ ಸುತ್ತಿಕೊಳ್ಳುತ್ತಿತ್ತು. ಕೊನೆಯ ಹನಿ ಬೀಳುವವರೆಗೆ ಯಾರೂ ಅವಸರ ಮಾಡುವಂತಿರಲಿಲ್ಲ. ಫಿಲ್ಟರು ಬದಲಾಗಿ, ಬೋಲ್ಟು ಬಿಗಿಯಾಗಿ, ಹೊಸ ಆಯಿಲ್ ಸುರಿಯುವ ಹೊತ್ತಿಗೆ ಸಂಜೆಯ ಬಿಸಿಲು ಅಂಗಳಕ್ಕೆ ಇಳಿದಿರುತ್ತಿತ್ತು. ಆ ಬಿಸಿಲಿನಲ್ಲಿ ಆಯಿಲ್ ಜೇನಿನಂತೆ ಹೊಳೆದು ಲಾರಿಯೊಳಗೆ ಇಳಿಯುವುದನ್ನು ನೋಡುವಾಗ, ಇಷ್ಟು ದೊಡ್ಡ ಕಬ್ಬಿಣದ ಮೃಗ ಇಷ್ಟು ಮೆತ್ತಗಿನ ವಸ್ತುವಿನಿಂದ ಬದುಕುತ್ತದಲ್ಲ ಎಂದು ನನಗೆ ಪ್ರತಿಸಲವೂ ಮೈ ಜುಮ್ಮೆನ್ನುತ್ತಿತ್ತು.

ಅಪ್ಪ ಮತ್ತು ಕಾಕಾ ಬೇರೆಯಾದದ್ದೂ ಇದೇ ಆಯಿಲ್‌ನ ದೆಸೆಯಿಂದ. ಕಾಕಾನೂ ಆಗ ಅದೇ ಲಾರಿ ಓಡಿಸುತ್ತಿದ್ದ. ಒಂದು ಸಲ ನಿಪ್ಪಾಣಿಗೆ ಬಾಡಿಗೆ ಹೋದವನು, ಅಲ್ಲಿ ಯಾರೋ ಹೇಳಿದರೆಂದು, ಹೆಸರಿಲ್ಲದ ಡಬ್ಬಿಯಲ್ಲಿ ಬಿಡಿ ಆಯಿಲ್ ತುಂಬಿಸಿಕೊಂಡು ಬಂದ. ಮನೆಗೆ ಉಪಕಾರ ಮಾಡಿದ ಖುಷಿ ಅವನ ಮುಖದ ತುಂಬ ಇತ್ತು. ಅಂಗಳದಲ್ಲಿ ನಾಲ್ಕು ಮಂದಿ ಕುಳಿತಿದ್ದರು. ಅಪ್ಪ ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟ. ಹನಿ ಮೆಲ್ಲಗೆ ಹರಡಿತು, ನಡುವೆ ಕಪ್ಪು ಕಲೆ ಉಳಿಯಿತು. ಸುಟ್ಟ ಆಯಿಲ್ ಬೆರೆಸಿದ್ದರು. ಅಪ್ಪ ಕಾಗದವನ್ನು ಎಲ್ಲರಿಗೂ ಕಾಣುವಂತೆ ಕಟ್ಟೆಯ ಮೇಲಿಟ್ಟು, "ಇದನ್ನ ನನ್ನ ಗಾಡಿಗಿ ಹಾಕಾಂಗಿಲ್ಲ," ಅಂದ. ಆಯಿಲ್ ಕೆಟ್ಟದ್ದೆಂಬುದನ್ನು ಕಾಕಾ ಒಪ್ಪಿಕೊಳ್ಳುತ್ತಿದ್ದನೇನೋ. ಆದರೆ ಅಲ್ಲಿಯತನಕ ಎಲ್ಲರ ಬಾಯಲ್ಲೂ ನಮ್ಮ ಗಾಡಿಯಾಗಿದ್ದದ್ದು ಅಂದು ಅಪ್ಪನ ಬಾಯಲ್ಲಿ ನನ್ನ ಗಾಡಿ ಆಯಿತು. ಕಾಕಾ ಹೆಗಲ ಮೇಲಿನ ಟವೆಲು ಕೊಡವಿಕೊಂಡು ಒಳಗೆ ಹೋದ. ಮುಂದಿನ ಸುಗ್ಗಿಯ ಹೊತ್ತಿಗೆ ಅವನ ಒಲೆ ಬೇರೆಯಾಯಿತು, ಅವನಿಗೊಂದು ಟ್ರ್ಯಾಕ್ಟರು ಬಂತು, ಹಿಂದೆ ಜೋಡಿಸುವ ಟ್ರೇಲರ್ ಮಾತ್ರ ಬರಲಿಲ್ಲ. ಅದೇ ಮನೆ, ಅದೇ ಅಂಗಳ, ಆದರೆ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಹೇಳಬೇಕಾದದ್ದನ್ನು ಇಬ್ಬರೂ ಆಯಿಗೆ ಹೇಳುತ್ತಿದ್ದರು, ಅವಳು ಇದ್ದಲ್ಲಿಂದಲೇ ಮುಖ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸಿ ದಾಟಿಸುತ್ತಿದ್ದಳು.

ಹೀಗಿರುವಾಗ ಹೊಳೆ ಬಂತು. ನಮ್ಮ ಕಡೆ ಮಳೆಯೇನೂ ಜೋರಿರಲಿಲ್ಲ. ಮೇಲೆ ಮಹಾರಾಷ್ಟ್ರದಲ್ಲಿ ಬಿದ್ದ ನೀರು ನಮ್ಮಲ್ಲಿಗೆ ಬರುವುದು ಪ್ರತಿವರ್ಷದ ಮಾತು, ದಂಡೆಯ ಹೊಲಗಳನ್ನು ನೆಕ್ಕಿ ಹಿಂದೆ ಸರಿಯುತ್ತಿತ್ತು. ಆ ವರ್ಷ ಸರಿಯಲಿಲ್ಲ. ಮೊದಲು ಕಬ್ಬು ಮುಳುಗಿತು, ಆಮೇಲೆ ಕೆಳಗಿನ ಓಣಿ, ಆಮೇಲೆ ಚಾವಡಿ. ನೀರು ಓಡಿ ಬರುತ್ತದೆ ಎಂದುಕೊಂಡಿದ್ದೆ ನಾನು. ಹಾಗಲ್ಲ. ಅದು ಬೆಕ್ಕಿನ ಹಾಗೆ ಬರುತ್ತದೆ. ನೋಡುತ್ತಿದ್ದಾಗ ನಿಂತೇ ಇರುತ್ತದೆ, ಕಣ್ಣು ತೆಗೆದರೆ ಇನ್ನೊಂದು ಹೊಸ್ತಿಲು ದಾಟಿರುತ್ತದೆ. ದಿಬ್ಬದ ಮೇಲಿನ ನಮ್ಮ ಅಂಗಳದಿಂದ ನೋಡಿದರೆ ನಾಲ್ಕೂ ಕಡೆ ಕೆಂಪು ನೀರು, ಅದರ ಮೇಲೆ ಅಲ್ಲಲ್ಲಿ ಮರದ ತಲೆಗಳು, ಆಕಾಶವೇ ನೆಲಕ್ಕೆ ಇಳಿದಂತೆ ಹೊಳೆಯುವ ಬಯಲು. ಹೆದರಿಕೆಗಿಂತ ಹೆಚ್ಚಾಗಿ ನನ್ನಲ್ಲಿ ಒಂದು ಬೆರಗು ತುಂಬಿತ್ತು. ಲೋಕ ಇಷ್ಟು ದೊಡ್ಡದಾಗಿದೆ ಎಂದು ಯಾರೂ ನನಗೆ ಹೇಳಿರಲಿಲ್ಲ.

ಅಪ್ಪ ಹಿಂದಿನ ಸಂಜೆಯಿಂದಲೇ ಲಾರಿಯಲ್ಲಿ ಜನರನ್ನು, ದನಗಳನ್ನು ಐನಾಪುರದ ಕಡೆಯ ಎತ್ತರದ ಶಾಲೆಗೆ ಸಾಗಿಸುತ್ತಿದ್ದ. ನಡುವೆ ಒಂದು ಹಳ್ಳ. ಪ್ರತಿಸಲ ಹೋಗಿ ಬರುವಾಗಲೂ ಅಲ್ಲಿ ನೀರು ಏರುತ್ತಿತ್ತು. ಬೆಳಿಗ್ಗೆ ಖಾಲಿ ಲಾರಿಯೊಂದಿಗೆ ವಾಪಸು ಬರುವಾಗ ಹಳ್ಳದ ನಡುವೆ ತೇಲಿಬಂದ ಮರವೊಂದು ಅಡ್ಡ ಸಿಕ್ಕಿ, ಅದು ಸರಿಯುವತನಕ ಅಪ್ಪ ನೀರಿನಲ್ಲೇ ನಿಲ್ಲಬೇಕಾಯಿತು. ಹೇಗೋ ದಾಟಿ ಅಂಗಳಕ್ಕೆ ಬಂದು ಇಂಜಿನ್ ನಿಲ್ಲಿಸಿದ. ಇಳಿದವನೇ ಆಯಿಲ್ ನೋಡುವ ಕಡ್ಡಿಯನ್ನು ಎಳೆದು ತನ್ನ ಬನಿಯನ್ನಿಗೆ ಒರೆಸಿದ. ಒರೆಸಿದ್ದನ್ನು ನೋಡುತ್ತಾ ನಿಂತ. ಜೇನಿನ ಬಣ್ಣವೂ ಅಲ್ಲ, ಕಾಡಿಗೆಯೂ ಅಲ್ಲ, ಹಾಲು ಹೆಚ್ಚಾದ ಚಹಾದಂಥ ಬಣ್ಣ. ಬಿಸಿಯಾಗಿದ್ದ ಇಂಜಿನ್ ತಣ್ಣೀರಿನಲ್ಲಿ ನಿಂತು ಒಳಗೆ ನೀರು ಎಳೆದುಕೊಂಡಿತ್ತು. ಹಾಗೇ ಓಡಿಸಿದರೆ ಸ್ವಲ್ಪ ದೂರ ಓಡೀತು, ಆಮೇಲೆ ಒಳಗಿನದೆಲ್ಲ ಹಿಡಿದುಕೊಂಡು ಹಳ್ಳದ ನಡುವೆಯೇ ನಿಲ್ಲುತ್ತದೆ. ಆಗ ಲಾರಿಯಲ್ಲಿ ಇದ್ದವರ ಗತಿ ಏನು ಎಂಬುದನ್ನು ಅಪ್ಪ ಬಾಯಿಬಿಟ್ಟು ಹೇಳಲಿಲ್ಲ. ಅಂಗಳದಲ್ಲಿ ಇನ್ನೂ ಅರ್ಧ ಓಣಿಯ ಜನ ಗಂಟು ಮೂಟೆಯೊಂದಿಗೆ ಕುಳಿತಿದ್ದರು. ನಮ್ಮ ಆಯಿ ಇದ್ದಳು, ಅವಳ ವಾರಿಗೆಯ ಮುದುಕಿಯರಿದ್ದರು, ಕೊನೆಯ ಮನೆಯ ಬಾಣಂತಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತಿದ್ದಳು. ದೋಣಿ ಬರುತ್ತದೆ ಎಂದು ಕೇಳಿದ್ದೆವು, ಬಂದಿರಲಿಲ್ಲ.

ಮನೆಯಲ್ಲಿ ಹೊಸ ಆಯಿಲ್ ಇರಲಿಲ್ಲ, ಅಥಣಿಯ ದಾರಿ ನೀರಿನ ಕೆಳಗಿತ್ತು. ಅಪ್ಪ ಜನರಿಗೆ ಇದ್ದದ್ದನ್ನು ಇದ್ದಂತೆ ಹೇಳಿದ. ಯಾರ ಮನೆಯಲ್ಲಾದರೂ ಆಯಿಲ್ ಇದ್ದರೆ ತನ್ನಿ ಎಂದ. ಆಗ ನಾನು ಕಂಡದ್ದನ್ನು ಇಂದಿಗೂ ಮರೆತಿಲ್ಲ. ಮೊಣಕಾಲು ನೀರಿನಲ್ಲಿ, ಸೊಂಟದ ನೀರಿನಲ್ಲಿ ಜನ ತಮ್ಮ ತಮ್ಮ ಮನೆಗಳಿಗೆ ಇಳಿದು ಹೋದರು. ಅಕ್ಕಿ ಬೇಳೆ ತರಲು ಹೋಗದವರು ಆಯಿಲ್ ತರಲು ಹೋದರು. ಒಬ್ಬರು ನೀರೆತ್ತುವ ಇಂಜಿನ್ನಿನ ಆಯಿಲ್ ತಂದರು, ಇನ್ನೊಬ್ಬರು ಮೋಟರ್ ಸೈಕಲ್ಲಿಗೆಂದು ಇಟ್ಟಿದ್ದ ಸಣ್ಣ ಸೀಸೆ, ಮತ್ತೊಬ್ಬರು ಚಕ್ಕಡಿಯ ಅಚ್ಚಿಗೆ ಹಚ್ಚುವ ಕಪ್ಪು ಎಣ್ಣೆ. ಬಾಣಂತಿಯ ಅತ್ತೆ ಅಡುಗೆಯ ಕುಸುಬಿ ಎಣ್ಣೆಯ ಡಬ್ಬಿಯನ್ನು ತಲೆಯ ಮೇಲೆ ಹೊತ್ತುಕೊಂಡು ಬಂದು, ಇದನ್ನು ಈ ವರ್ಷವೇ ಗಾಣದಲ್ಲಿ ಹಾಕಿಸಿದ್ದು, ಚೊಕ್ಕ ಇದೆ ಎಂದು ಅಪ್ಪನ ಮುಂದಿಟ್ಟಳು. ಯಾರೂ ನಗಲಿಲ್ಲ. ಅಪ್ಪ ಅದರ ಮುಚ್ಚಳ ತೆಗೆದು, ಉಳಿದವುಗಳನ್ನು ನೋಡಿದಷ್ಟೇ ಕಾಳಜಿಯಿಂದ ಮೂಸಿ ನೋಡಿ, "ಇದು ಭಾಳ ಚಲೋ ಐತಬೇ ಯವ್ವಾ. ಶಾಳ್ಯಾಗ ಅಡಗಿಗಿ ಬೇಕಾಕ್ಕೈತಿ, ಹಿಡಕೊಂಡ ಕುಂದರು," ಅಂದ.

ಡಬ್ಬಿಗಳನ್ನೆಲ್ಲ ಸಾಲಾಗಿ ಇಟ್ಟುಕೊಂಡು ಅಪ್ಪ ಮಂಡಿಯೂರಿ ಕುಳಿತ. ಒಂದೊಂದನ್ನೂ ಬೆರಳಿಗೆ ಹಚ್ಚಿ, ಮೂಸಿ, ಬೆಳಕಿಗೆ ಹಿಡಿದು ನೋಡಿದ. ಅಥಣಿಯ ಅಂಗಡಿಯಲ್ಲಿ ನೋಡುವಂತೆಯೇ, ಅವಸರವಿಲ್ಲದೆ. ಕೆಳಗೆ ನೀರು ಇನ್ನೊಂದು ಗೋಡೆಯನ್ನು ಎಳೆದುಕೊಂಡ ಸದ್ದು ಕೇಳಿದಾಗಲೂ ಅವನು ಮುಂದಿನ ಡಬ್ಬಿಯ ಮುಚ್ಚಳ ತೆಗೆದ. ಆಮೇಲೆ ತಲೆ ಎತ್ತಿ, ಇವು ಒಳಗಿನ ನೀರು ತೊಳೆದು ತೆಗೆಯುವುದಕ್ಕೆ ಆಗುತ್ತವೆ, ಆದರೆ ತುಂಬಿದ ಲಾರಿಯನ್ನು ಹಳ್ಳ ದಾಟಿಸುವಷ್ಟು ತಾಳುವುದಿಲ್ಲ ಎಂದ. ಆಗ ಕಾಕಾ ತನ್ನ ಕಡೆಯ ಬಾಗಿಲಿನಿಂದ ಹೊರಗೆ ಬಂದ. ಕೈಯಲ್ಲಿ ಸೀಲು ಒಡೆಯದ ಡಬ್ಬಿ. ಟ್ರ್ಯಾಕ್ಟರಿಗೆಂದು ತಂದಿಟ್ಟದ್ದು. ಅದನ್ನು ಅಪ್ಪನ ಮುಂದೆ ಇಟ್ಟು, ಆಯಿಯ ಕಡೆ ನೋಡಲಿಲ್ಲ, ನೇರವಾಗಿ ಅಪ್ಪನಿಗೇ ಹೇಳಿದ.

"ಅಣ್ಣಾ, ನೀ ಹಾಕೂದ ಐತಿ. ಅದ ನಂಬರ್."

ಅಪ್ಪ ಡಬ್ಬಿಯನ್ನು ತಿರುಗಿಸಿ ನೋಡಿದ. ಅದೇ ಕಂಪನಿ, ಅದೇ ಎರಡು ಸಂಖ್ಯೆ. ಬೇರೆಯಾದ ದಿನದಿಂದಲೂ ಕಾಕಾ ಅಥಣಿಯ ಅದೇ ಅಂಗಡಿಗೆ ಹೋಗಿ ಅದನ್ನೇ ಆರಿಸಿ ತರುತ್ತಿದ್ದ ಎಂದು ನಮಗೆ ಆಮೇಲೆ ತಿಳಿಯಿತು. ಅಪ್ಪ ಸೀಲಿನ ಮೇಲೆ ಉಗುರು ಎಳೆಯಲಿಲ್ಲ. ಬಿಳಿ ಕಾಗದ ಕೇಳಲಿಲ್ಲ. "ಪಾನಾ ತಗೊಂಬಾ ಶಿವ್ಯಾ," ಅಂದ ಅಷ್ಟೇ. ಬೋಲ್ಟು ಬಿಚ್ಚುವ ಪಾನಾ ಹಿಡಿದುಕೊಂಡು ಕಾಕಾ ಅಣ್ಣನ ಹಿಂದೆ ಲಾರಿಯ ಅಡಿಗೆ ತೂರಿಕೊಂಡ. ಹೊರಗೆ ನಮಗೆ ಕಾಣುತ್ತಿದ್ದದ್ದು ಎರಡು ಜೊತೆ ಕೆಸರು ಕಾಲುಗಳು ಮಾತ್ರ. ಯಾವುದು ಯಾರದೆಂದು ಹೇಳುವಂತಿರಲಿಲ್ಲ. ಆಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆ ಕಾಲುಗಳನ್ನೇ ನೋಡುತ್ತಿದ್ದಳು.

ಮೊದಲು ಒಂದಿಷ್ಟು ಬರಿ ನೀರು ಬಿತ್ತು, ಆಮೇಲೆ ಆ ಚಹಾ ಬಣ್ಣದ ನೊರೆ. ಹೊಸ ಫಿಲ್ಟರು ಇರಲಿಲ್ಲ, ಇದ್ದುದನ್ನೇ ಬಿಚ್ಚಿ ಡೀಸೆಲ್ಲಿನಲ್ಲಿ ಅದ್ದಿ ಅದ್ದಿ ತೊಳೆದು ಹಾಕಿದರು. ಊರಿನವರು ತಂದ ಆಯಿಲ್‌ಗಳಲ್ಲಿ ಆರಿಸಿದ್ದನ್ನು ಸುರಿದು, ಇಂಜಿನ್ನನ್ನು ಮೆಲ್ಲಗೆ ಸ್ವಲ್ಪ ಹೊತ್ತು ಹಚ್ಚಿ, ನಿಲ್ಲಿಸಿ, ಅದನ್ನೂ ಇಳಿಸಿದರು. ಈ ಸಲ ಬಿದ್ದದ್ದು ಮಂಕಾಗಿತ್ತು, ಆದರೆ ನೊರೆ ಇರಲಿಲ್ಲ. ಕೊನೆಗೆ ಕಾಕಾನ ಡಬ್ಬಿಯನ್ನು ಅಪ್ಪನೇ ಎತ್ತಿ ಸುರಿದ. ಮೋಡದ ಬೆಳಕಿನಲ್ಲೂ ಅದು ಹೊಳೆಯುತ್ತಾ ಇಳಿಯಿತು. ಅವ್ವ ಗಾಲಿಯ ಹಳೆಯ ಟ್ಯೂಬನ್ನು ಕತ್ತರಿಸಿ ಕೊಟ್ಟಳು, ಮತ್ತೆ ನೀರು ಒಳಗೆ ಹೋಗದಂತೆ ಕಡ್ಡಿ ಇರುವ ತೂತಿಗೆ ಬಟ್ಟೆ ಸುತ್ತಿ ಅದರಿಂದ ಬಿಗಿದರು. ಅಪ್ಪ ಕ್ಯಾಬಿನ್ ಹತ್ತಿ ಚಾವಿ ತಿರುಗಿಸಿದಾಗ ಇಡೀ ಅಂಗಳ ಉಸಿರು ಹಿಡಿದಿತ್ತು. ಇಂಜಿನ್ ಕೆಮ್ಮಿತು, ಒಮ್ಮೆ ಬಿಳಿ ಹೊಗೆ ಉಗುಳಿತು, ಆಮೇಲೆ ಹಿಡಿಯಿತು. ಆ ಸದ್ದು ನೆಲದಿಂದ ನನ್ನ ಅಂಗಾಲಿಗೆ, ಅಂಗಾಲಿನಿಂದ ಎದೆಗೆ ಏರಿತು. ದೇವರ ಮುಂದೆ ನಿಂತಾಗ ಮಾಡುವಂತೆ ಒಬ್ಬ ಮುದುಕಿ ಲಾರಿಯ ಮುಂದೆ ಕೈ ಮುಗಿದಳು.

ಹಳ್ಳದ ಹತ್ತಿರ ರಸ್ತೆ ಎಲ್ಲಿದೆ ಎಂದೇ ಕಾಣುತ್ತಿರಲಿಲ್ಲ. ಟ್ರ್ಯಾಕ್ಟರು ಎತ್ತರ, ನೀರನ್ನು ಸೀಳುತ್ತಾ ಮುಂದೆ ಅದು ಹೋಗಬೇಕು, ಅದರ ಗಾಲಿಯ ಜಾಡಿನಲ್ಲೇ ಲಾರಿ ಬರಬೇಕು ಎಂದು ಅಪ್ಪ ತೀರ್ಮಾನಿಸಿದ. ಕಾಕಾ ಟ್ರ್ಯಾಕ್ಟರನ್ನು ನೀರಿಗೆ ಇಳಿಸಿದ. ಲಾರಿಯ ಹಿಂಭಾಗದಲ್ಲಿ ಎಮ್ಮೆಯ ಬೆಚ್ಚಗಿನ ಹೊಟ್ಟೆಗೆ ಒರಗಿ ನಿಂತ ನಾನು ಕ್ಯಾಬಿನ್ನಿನ ಬದಿಯಿಂದ ಇಣುಕಿ ಅವನ ಬೆನ್ನನ್ನೇ ನೋಡುತ್ತಿದ್ದೆ. ಎರಡೂ ಕಡೆ ಸಮುದ್ರ. ನಡುವೆ ಟ್ರ್ಯಾಕ್ಟರಿನ ಮೇಲೆ ಕುಳಿತ ಒಬ್ಬ ಮನುಷ್ಯ, ತಲೆಗೆ ಟವೆಲು ಸುತ್ತಿಕೊಂಡು, ಎಡಬಲ ನೋಡದೆ, ಇಲ್ಲದ ದಾರಿಯ ಮೇಲೆ ನೆಟ್ಟಗೆ ಹೋಗುತ್ತಿದ್ದ. ಅವನ ಹಿಂದೆ ನಮ್ಮ ಲಾರಿ, ಒಂದೇ ಹದದ ಸದ್ದಿನಲ್ಲಿ, ಏರದೆ ಇಳಿಯದೆ. ಕೂಸು ಕೂಡ ಅಳಲಿಲ್ಲ. ಶಾಲೆಯ ಏರಿನಲ್ಲಿ ಗಾಲಿ ಗಟ್ಟಿ ನೆಲ ಮುಟ್ಟಿದಾಗಲೇ ಯಾರೋ ಮೊದಲು ಉಸಿರು ಬಿಟ್ಟರು.

ಸಂಜೆಯೊಳಗೆ ಇನ್ನೆರಡು ಸಲ ಹೋಗಿ ಬಂದು ಉಳಿದವರನ್ನೂ ತಂದರು. ನಮ್ಮ ಮನೆಯ ಮಣ್ಣಿನ ಗೋಡೆಗಳು ಅದೇ ವಾರ ನೀರಿಗೆ ಕರಗಿದವು, ಅವ್ವನ ಹೂಗಳು ಡಬ್ಬಿಗಳ ಸಮೇತ ತೇಲಿಹೋದವು. ಹೊಳೆ ಇಳಿದ ಮೇಲೆ ಊರನ್ನು ಎತ್ತರದ ಜಾಗಕ್ಕೆ ಸಾಗಿಸಿದರು. ಅಲ್ಲಿ ಅಪ್ಪನಿಗೂ ಕಾಕಾನಿಗೂ ಬೇರೆ ಬೇರೆ ಸಾಲಿನಲ್ಲಿ ಒಂದೇ ಅಳತೆಯ ಮನೆಗಳು ಸಿಕ್ಕವು, ದೊಡ್ಡ ಅಂಗಳ ಯಾರಿಗೂ ಸಿಗಲಿಲ್ಲ. ಅಣ್ಣತಮ್ಮಂದಿರು ಮಾತಾಡುತ್ತಿದ್ದರು, ಆದರೆ ಹಿಂದಿನಂತೆ ಒಂದೇ ತಾಟಿನಲ್ಲಿ ಉಣ್ಣುವಷ್ಟು ಮತ್ತೆ ಹತ್ತಿರ ಬರಲಿಲ್ಲ. ಆಯಿ ಹೊಸ ಮನೆಯ ಸಿಮೆಂಟಿನ ಕಟ್ಟೆಗೆ ಒಗ್ಗಲೇ ಇಲ್ಲ, ಒಂದು ಚಳಿಗಾಲದಲ್ಲಿ ತೀರಿಕೊಂಡಳು. ಲಾರಿ ಕೆಲವು ವರ್ಷ ದುಡಿದು ನಿಪ್ಪಾಣಿಯ ಕಡೆಯವರೊಬ್ಬರ ಪಾಲಾಯಿತು. ಆಮೇಲೆ ಅಪ್ಪ ಹೋದ, ಅವನ ಹಿಂದೆ ಅವ್ವ. ನಮ್ಮ ಮನೆಯಲ್ಲಿ ಆ ಅಂಗಳವನ್ನು ಕಂಡವರು ಈಗ ಕಾಕಾ ಮತ್ತು ನಾನು ಇಬ್ಬರೇ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಕಾಕಾನನ್ನು ಕರೆದುಕೊಂಡು ಹಳೆಯ ಊರಿನ ಜಾಗಕ್ಕೆ ಇಳಿದೆ. ದಿಬ್ಬ ಸವೆದು ಹೋಗಿದೆ. ನಮ್ಮ ಮನೆ ಇದ್ದಲ್ಲಿ ಯಾರೋ ಕಬ್ಬು ಹಚ್ಚಿದ್ದಾರೆ. ಅದು ಆಳೆತ್ತರ ಬೆಳೆದು ನಿಂತಿತ್ತು. ಕಾಕಾ ಕೋಲೂರಿಕೊಂಡು ಬದುವಿನ ಮೇಲೆ ನಿಂತ. ಆ ದಿನ ನೀರಿನಲ್ಲಿ ಅವನಿಗೆ ಹೆದರಿಕೆ ಆಗಲಿಲ್ಲವೇ ಎಂದು ನಾನು ಕೇಳಿದೆ. ಇಷ್ಟು ವರ್ಷ ಅದನ್ನು ಯಾಕೆ ಕೇಳಿರಲಿಲ್ಲವೋ ನನಗೆ ತಿಳಿಯದು.

"ದಾರಿ ಎಲ್ಲಿ ಕಾಣತಿತ್ತವಾ," ಅಂದ ಕಾಕಾ. "ತಪ್ಪಿದೆ ಅಂದ್ರ ಹಳ್ಳಕ್ಕ ಹೋಗತಿದ್ವಿ ಎಲ್ಲಾರೂ. ನಾ ಮುಂದ ನೋಡಲೇ ಇಲ್ಲ. ಹಿಂದ ಅಣ್ಣನ ಗಾಡಿ ಸಪ್ಪಳ ಕೇಳತಿತ್ತು. ರಾತ್ರೆಲ್ಲಾ ಆ ದಾರಿ ತುಳದಾಂವ ಅಂವ, ನಾ ತಪ್ಪಿದ್ರ ಗಾಡಿ ನಿಂದರಸತಿದ್ದ. ಅದು ಬೆನ್ನಿಗಿ ಐತಿ ಅಂದ್ರ ದಾರಿ ಬರೋಬ್ಬರಿ ಐತಿ ಅಂತ, ಅದನ್ನ ಕೇಳಕೋತ ಹ್ವಾದೆ."

ಗಾಳಿ ಬಂದು ಕಬ್ಬಿನ ಗರಿಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು, ಮತ್ತೆ ಸುಮ್ಮನಾದವು. ಹೊತ್ತಾಯಿತು, ಹೋಗೋಣ ಎಂದು ನಾನು ಹೇಳಬೇಕೆಂದಿದ್ದೆ. ಕಾಕಾ ಕಣ್ಣು ಮುಚ್ಚಿ, ತಲೆಯನ್ನು ತುಸು ಹಿಂದಕ್ಕೆ ವಾಲಿಸಿ, ಇನ್ನೂ ಕೇಳುತ್ತಾ ನಿಂತಿದ್ದ.